ಬೇಡವೆಂದ ಎರಡನೇ ಕೀಲಿ

ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿ ಸತ್ತವರ ಫೋಟೊ ತೆಗೆಸಬೇಕಾದರೆ ಜನ ಇಂದಿಗೂ ಯಶೋಧರಾಳ ಸ್ಟುಡಿಯೊ ಎಲ್ಲಿ ಎಂದೇ ಕೇಳುತ್ತಾರೆ. ಮದುವೆಗೆ ಬೇರೆಯವರಿದ್ದಾರೆ. ಡ್ರೋನ್ ಹಾರಿಸುವವರಿದ್ದಾರೆ, ಮದುಮಗಳನ್ನು ತೊಗರಿ ಹೊಲದಲ್ಲಿ ಓಡಿಸಿ ವಿಡಿಯೊ ಮಾಡುವ ಪುಣ್ಯಾತ್ಮರೂ ಇದ್ದಾರೆ. ಸಾವಿನ ಮನೆಗೆ ಮಾತ್ರ ಯಶೋಧರಾಳೇ ಬೇಕು. "ಊರಾಗ ಹೆಣ ಬಿದ್ರ ಈಕಿಗಿ ಸುಗ್ಗಿ" ಎಂದು ಬೆನ್ನ ಹಿಂದೆ ಆಡಿಕೊಳ್ಳುವ ಬಾಯಿಗಳೇ, ತಮ್ಮ ಮನೆಯಲ್ಲಿ ಯಾರಾದರೂ ಕಣ್ಣು ಮುಚ್ಚಿದರೆ ಮೊದಲು ಆಕೆಗೆ ಫೋನ್ ಮಾಡುತ್ತವೆ.

ಈ ಕೆಲಸ ಅಪ್ಪ ಜಗದೇವಪ್ಪನಿಂದ ಬಂದದ್ದು. ಭಂಕೂರಿನ ಕಲ್ಲಿನ ಗಣಿಯಲ್ಲಿ ಸುತ್ತಿಗೆ ಹಿಡಿಯಬೇಕಾಗಿದ್ದ ಮನುಷ್ಯ ಯಾರದೋ ಕೈ ಕೆಳಗೆ ದುಡಿದು ಕ್ಯಾಮೆರಾ ಹಿಡಿಯಲು ಕಲಿತ. ಸತ್ತವರ ಫೋಟೊ ತೆಗೆಯುವಲ್ಲಿ ಆತನದೊಂದು ಹಟವಿತ್ತು. ಸತ್ತವರ ಕೈ ಖಾಲಿ ಕಾಣಬಾರದು. ಮಾಸ್ತರರಿಗೆ ಒಂದು ಪುಸ್ತಕ, ದರ್ಜಿಗೆ ಟೇಪು, ಭಜನೆ ಹೇಳುತ್ತಿದ್ದವರಿಗೆ ತಾಳ. ಲಿಂಗಾಯತರ ಮನೆಗಳಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಗೋಡೆಗೆ ಆನಿಸಿ ಕೂರಿಸುತ್ತಾರೆ. ಕೂತವರ ಮಡಿಲಲ್ಲಿ ಖಾಲಿ ಕೈ ಬಿದ್ದಿದ್ದರೆ ನೋಡಲು ಸಂಕಟವಾಗುತ್ತದೆ ಎನ್ನುತ್ತಿದ್ದ. ಆತ ಬಾಗಿಲ ಬಳಿ ನಿಂತು ಹೇಳುವುದು, ಮನೆಯವರು ತಂದು ಇಡುವುದು. ಯಾವ ಮನೆಯಲ್ಲೂ ಆತ ಹೆಣದ ಹತ್ತಿರ ಹೋದವನಲ್ಲ. ದೂರ ನಿಲ್ಲುವುದು ಕ್ಯಾಮೆರಾದ ನಿಯಮವೋ ಊರಿನ ನಿಯಮವೋ, ಅಪ್ಪನೂ ಬಿಡಿಸಿ ಹೇಳಲಿಲ್ಲ, ಮಗಳೂ ಕೇಳಲಿಲ್ಲ.

ಅಪ್ಪ ಹೋದ ಮೇಲಿನ ಒಂದು ಮಳೆಗಾಲದಲ್ಲಿ ನಾಲೆಯ ನೀರು ಅಂಗಡಿಗೆ ನುಗ್ಗಿತು. ಕೆಳಗಿನ ಕಪಾಟಿನಲ್ಲಿದ್ದ ಅಪ್ಪನ ನೆಗೆಟಿವ್‌ಗಳು ಒಂದಕ್ಕೊಂದು ಅಂಟಿಕೊಂಡು ಹಸಿ ಹಪ್ಪಳದ ಕಟ್ಟಿನಂತಾದವು. ಕಂಪ್ಯೂಟರಿನೊಳಗೆ ಕೆಸರು ತುಂಬಿತು. ಉಳಿದದ್ದು ಮೇಲಿನ ಹಲಗೆಯ ಮೇಲಿದ್ದ ಒಂದೇ ಒಂದು ಹಾರ್ಡ್ ಡಿಸ್ಕ್. ಅಪ್ಪನ ನೆಗೆಟಿವ್‌ಗಳನ್ನು ವರ್ಷಗಟ್ಟಲೆ ಕೂತು ಸ್ಕ್ಯಾನ್ ಮಾಡಿ ಆಕೆ ಅದರಲ್ಲಿ ತುಂಬಿಸಿಟ್ಟಿದ್ದಳು. ಅದೂ ಹೋಗಿದ್ದರೆ ಶಹಾಬಾದ, ವಾಡಿ, ಚಿತ್ತಾಪುರದ ಎಷ್ಟೋ ಮನೆಗಳ ಹಿರಿಯರ ಮುಖ ಭೂಮಿಯ ಮೇಲೆ ಇಲ್ಲದಂತಾಗುತ್ತಿತ್ತು. ಆಧಾರ್ ಕಾರ್ಡಿನ ಫೋಟೊದಲ್ಲಿ ಹೆತ್ತ ಮಗನೂ ತಾಯಿಯನ್ನು ಗುರುತಿಸಲಾರ. ವರ್ಷದ ತಿಥಿ ಬಂದಾಗ, ಹೊಸ ಮನೆ ಕಟ್ಟಿದಾಗ, ಗೆದ್ದಲು ಹಳೆಯ ಫೋಟೊ ತಿಂದಾಗ ಜನ ಬಂದು "ನಮ್ಮ ಅವ್ವಂದು ಇನ್ನೊಂದು ಪ್ರಿಂಟ್ ಹಾಕಿ ಕೊಡ್ರಿ" ಎನ್ನುತ್ತಿದ್ದರು. ಇಲ್ಲ ಎಂದು ಆಕೆ ಯಾರಿಗೂ ಹೇಳಿರಲಿಲ್ಲ. ಆಕೆಯ ಬದುಕಿನ ಹೆಮ್ಮೆ ಎಂದರೆ ಅದೊಂದೇ.

ಪಕ್ಕದಲ್ಲಿ ಫೋಟೊಗೆ ಕಟ್ಟು ಹಾಕುವ ಮುಕ್ರಮನ ಅಂಗಡಿ. ಕೆಸರು ಬಳಿಯಲು ಬಂದವನು ಆ ಡಿಸ್ಕನ್ನು ಕೈಯಲ್ಲಿ ತಿರುವಿ ನೋಡಿದ.

"ಅಕ್ಕಾ, ಇದರ ಮ್ಯಾಗ ಭರೋಸ ಇಡಬ್ಯಾಡ. ಇದು ಇವತ್ತ ಅದ, ನಾಳಿ ಇಲ್ಲ. ಎಲ್ಲಾ ಕ್ಲೌಡಿಗಿ ಹಾಕಿಬಿಡು."

"ಹಾಕ್ತೀನಿ. ಯಾರ ಕ್ಲೌಡಿಗಿ ಹಾಕಲಿ?"

ಇದು ತಮಾಷೆಯ ಪ್ರಶ್ನೆಯಾಗಿರಲಿಲ್ಲ. ಯಶೋಧರಾ ದಡ್ಡಿಯಲ್ಲ, ಕೇಳಿ ತಿಳಿದುಕೊಂಡೇ ಹೆಜ್ಜೆ ಇಡುವವಳು. ಮೊದಲು ಹೊರದೇಶದ ಒಂದು ದೊಡ್ಡ ಕಂಪನಿಯದನ್ನು ನೋಡಿದಳು. ಎಲ್ಲ ಆಕೆಯ ಹೆಸರಿನಲ್ಲೇ ಇರುತ್ತಿತ್ತು, ಅದು ಒಳ್ಳೆಯದೇ. ಆದರೆ ಕರಾರಿನ ಕಾಗದ ಓದುತ್ತ ಹೋದರೆ ಸೀರೆ ಬಿಚ್ಚಿದಷ್ಟು ಉದ್ದ, ಏನಾದರೂ ಕೇಳಿದರೆ ಉತ್ತರ ಕೊಡುವುದು ಯಂತ್ರ. ಆಮೇಲೆ ಹೈದರಾಬಾದಿನ ಒಂದು ಕಂಪನಿ. ಅವರು ದಿನಾ ಫೋನ್ ಮಾಡುತ್ತಿದ್ದರು, ದಿನಕ್ಕೊಂದು ಹೊಸ ದನಿ, ಅರ್ಧ ತೆಲುಗು ಅರ್ಧ ಹಿಂದಿ. ನಿನ್ನೆ ಮಾತಾಡಿದವನನ್ನು ಕೊಡಿ ಎಂದರೆ ಅವನು ಕೆಲಸ ಬಿಟ್ಟ ಎನ್ನುತ್ತಿದ್ದರು. ಮೂರನೆಯವನು ಚಿತ್ತಾಪುರದ ಸಂತೋಷಕುಮಾರ. ವಾಡಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ. ಯಾವುದೋ ಕಂಪನಿಯಿಂದ ತನ್ನ ಹೆಸರಿನಲ್ಲಿ ದೊಡ್ಡ ಜಾಗ ತೆಗೆದುಕೊಂಡು, ಸುತ್ತಲಿನ ಊರುಗಳ ಔಷಧಿ ಅಂಗಡಿ, ಬೀಜದ ಅಂಗಡಿಗಳಿಗೆಲ್ಲ ಅದರಲ್ಲಿ ಸ್ವಲ್ಪ ಸ್ವಲ್ಪ ಹಂಚಿ ಕೊಡುತ್ತಿದ್ದ.

ಮುಕ್ರಮನ ಸಲಹೆ ಸರಳವಾಗಿತ್ತು. "ಕೆಟ್ರ ಯಾರ ಮನಿ ಮುಂದ ಹೋಗಿ ಕುಂದರ್ತಿ? ಅದನ್ನ ನೋಡು ಮೊದಲ. ಅಮೇರಿಕಾಕ್ಕ ಹೋಗ್ತಿ ಏನು?"

ಬೀಜವಿರಲಿ, ಎಮ್ಮೆಯಿರಲಿ, ಸೊಸೆಯಿರಲಿ, ಈ ಕಡೆಯ ಜನ ಬಹಳ ವಿಚಾರಿಸುವುದಿಲ್ಲ. ನಾಳೆ ಎಡವಟ್ಟಾದರೆ ಹೋಗಿ ಕೂರಲು ಒಂದು ಕಟ್ಟೆ ಇದೆಯೇ ಎಂದು ನೋಡುತ್ತಾರೆ, ಅಷ್ಟೇ. ಈ ಲೆಕ್ಕಾಚಾರದಿಂದ ಎಷ್ಟೋ ಜನ ಬದುಕಿಕೊಂಡಿದ್ದಾರೆ, ಆದ್ದರಿಂದ ನಗುವುದು ಬೇಡ.

ಸಂತೋಷಕುಮಾರ ಬಂದ. ಸ್ಟುಡಿಯೊದ ಗೋಡೆಯ ಮೇಲೆ ಬುದ್ಧನ ಫೋಟೊ, ಪಕ್ಕದಲ್ಲಿ ಬಾಬಾಸಾಹೇಬರ ಫೋಟೊ. ಅದನ್ನು ನೋಡಿದ ಮೇಲೆ ಕೆಲವರಿಗೆ ಚಹಾ ಬೇಡವಾಗುತ್ತದೆ. "ಈಗಷ್ಟೇ ಆತ್ರಿ" ಎನ್ನುತ್ತಾರೆ. ಆ ಮಾತಿನ ಅರ್ಥ ಯಶೋಧರಾಳಿಗೆ ಚಿಕ್ಕಂದಿನಿಂದ ಗೊತ್ತು. ಸಂತೋಷಕುಮಾರ ಅಯ್ಯನವರ, ಅಂದರೆ ಜಂಗಮರ ಮನೆಯ ಹುಡುಗ, ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ. ಆಕೆ ಕೇಳಲೋ ಬೇಡವೋ ಎಂದುಕೊಳ್ಳುತ್ತಲೇ ಚಹಾ ಬೇಕೇ ಎಂದು ಕೇಳಿದಳು. ಆತ ಸ್ಟೀಲ್ ಲೋಟದಲ್ಲಿ ಚಹಾ ಕುಡಿದು, ಸಕ್ಕರೆ ಕಡಿಮೆಯಾಗಿದೆ ಎಂದು ತಕರಾರು ಮಾಡಿ, ಇನ್ನರ್ಧ ಲೋಟ ಹಾಕಿಸಿಕೊಂಡ. ಆ ತಕರಾರು ಆಕೆಗೆ ಎಷ್ಟು ಹಿತವಾಯಿತೆಂದು ಬೇರೆಯವರಿಗೆ ತಿಳಿಯುವುದು ಕಷ್ಟ.

ಕೆಲಸ ಮುಗಿಸಿ ಆತ ಹೇಳಿದ: "ಅಕ್ಕೋರೆ, ಇನ್ನ ನೀವು ಏನೂ ಮಾಡೂದು ಬ್ಯಾಡ. ಫೋಟೊ ಹಾಕಿದ ಕೂಡ್ಲೇ ತಾನೇ ಮ್ಯಾಲ ಹೋಗ್ತದ. ನಿಮ್ಮ ಕಂಪ್ಯೂಟರಿನಾಗ ಜಾಗ ಇಲ್ಲ, ಇಲ್ಲಿ ಸಣ್ಣ ನೆರಳಷ್ಟೇ ಉಳಿತದ. ಕಂಪನಿಯವರು ನೋಡ್ತೀವಿ ಅಂದ್ರೂ ನೋಡಾಕ ಬರಂಗಿಲ್ಲ, ಹಂಗ ಬೀಗ ಹಾಕೀನಿ. ಕೀಲಿ ನನ್ನ ಫೋನಿನಾಗ ಅದ. ಆಗಾಗ ಕಂಪ್ಯೂಟರ್ ಒಂದು ನಂಬರ್ ಕೇಳ್ತದ, ನನಗ ಫೋನ್ ಮಾಡ್ರಿ, ಹೇಳ್ತೀನಿ."

ಚೀಲ ಹೆಗಲಿಗೆ ಹಾಕಿದವನು ಬಾಗಿಲಲ್ಲಿ ನಿಂತ. "ಬೇಕಾದ್ರ ಎರಡನೇ ಕೀಲಿ ನಿಮ್ಮ ಫೋನಿಗೂ ಹಾಕಿ ಕೊಡ್ತೀನ್ರಿ. ನಾಳಿ ನನಗ ಏನಾರ ಆತಂದ್ರ?"

"ಏನು ಮಾತಾಡ್ತೀರಿ ಸರ. ನಿಮ್ಮ ಮ್ಯಾಗ ಭರೋಸ ಇಲ್ಲೇನು ನಮಗ? ನಿಮ್ಮ ಹತ್ರಾನೇ ಇರಲಿ ಬಿಡ್ರಿ."

ಬೀಡಿ ಸೇದಿ ಮುಗಿಸುವಷ್ಟರಲ್ಲಿ ಆಗುವ ಕೆಲಸವಾಗಿತ್ತು. ಬೇರೆ ಕಡೆಯವರಾಗಿದ್ದರೆ ಕೈ ಚಾಚಿ ತೆಗೆದುಕೊಳ್ಳುತ್ತಿದ್ದರೋ ಏನೋ. ನಂಬಿ ಕೊಟ್ಟ ಮೇಲೆ ಇನ್ನೊಂದು ಕೀಲಿ ಕೇಳುವುದು ಎಂದರೆ ನೀನು ಕಳ್ಳ ಎಂದಂತೆ. ಅದಕ್ಕಿಂತ ಹೆಚ್ಚು, ಎದುರಿಗಿನ ಮನುಷ್ಯ ನಾಳೆ ನನಗೇನಾದರೂ ಆದರೆ ಎಂದಾಗ ಹೌದು ಕೊಡು ಎಂದರೆ ಅವನ ಸಾವು ಬಯಸಿದಂತೆ. ಅದೂ ಆಕೆಯ ಲೋಟದಲ್ಲಿ ಚಹಾ ಕುಡಿದವನ ಸಾವು. ಯಶೋಧರಾಳ ನಾಲಿಗೆ ಆ ಕಡೆ ಹೊರಳಲೇ ಇಲ್ಲ.

ಆಮೇಲಿನ ವರ್ಷಗಳು ಚೆನ್ನಾಗಿಯೇ ಸಾಗಿದವು, ಸುಳ್ಳು ಯಾಕೆ ಹೇಳಲಿ. ಕಂಪ್ಯೂಟರ್ ನಂಬರ್ ಕೇಳುತ್ತಿತ್ತು, ಆಕೆ ಫೋನ್ ಮಾಡುತ್ತಿದ್ದಳು. ಆತ ಅಂಕಿಗಳನ್ನು ಒಂದೊಂದಾಗಿ ಹೇಳಿ, ಆಕೆಯ ಅವ್ವನ ಮೊಣಕಾಲು ಹೇಗಿದೆ ಎಂದು ಕೇಳಿ ಇಡುತ್ತಿದ್ದ. ಒಂದು ಬೇಸಿಗೆಯಲ್ಲಿ ಮೇಲಿನ ಹಲಗೆಯ ಹಳೆಯ ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡಿ ಸತ್ತೇಹೋಯಿತು. ಆಕೆ ನಿಟ್ಟುಸಿರನ್ನೂ ಬಿಡಲಿಲ್ಲ. ಎಲ್ಲ ಸಂತೋಷ ಸರ ಹತ್ತಿರ ಇದೆಯಲ್ಲ.

ಒಂದು ಬೆಳಿಗ್ಗೆ ಆತನ ನಂಬರಿನಿಂದಲೇ ಫೋನ್ ಬಂತು. ಮಾತಾಡಿದ್ದು ಹೆಂಡತಿ ಬಸವೇಶ್ವರಿ.

"ಅಕ್ಕೋರೆ, ಅವರು ಹೋದ್ರು ರಿ. ಮಲಗಿದಲ್ಲೇ ಹೋಗ್ಯಾರ. ನೀವೇ ಬರಬೇಕು. ಫೋಟೊ ಅಂದ್ರ ಯಶೋಧಕ್ಕೋರೇ ತೆಗಿಬೇಕು ಅಂತಿದ್ರು."

ನಲವತ್ತು ಕೂಡ ತುಂಬಿರಲಿಲ್ಲ. ಯಶೋಧರಾ ಕ್ಯಾಮೆರಾ ಚೀಲ ಹಾಕಿಕೊಂಡು ಚಿತ್ತಾಪುರದ ಬಸ್ಸು ಹತ್ತಿದಳು, ದಾರಿಯುದ್ದಕ್ಕೂ ಅತ್ತಳು. ಇಷ್ಟು ಸಾವಿನ ಮನೆ ಕಂಡವಳಿಗೆ ಸತ್ತವರು ಇಷ್ಟು ಗುರುತಿನವರಾಗಿದ್ದದ್ದು ಅಪ್ಪನ ನಂತರ ಇದೇ ಮೊದಲು.

ಪಡಸಾಲೆಯಲ್ಲಿ ಆತನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಹಾರ, ಹೆಗಲ ಮೇಲೆ ಶಾಲು. ಪಕ್ಕದಲ್ಲಿ ತಂದೆ ಮಡಿವಾಳಯ್ಯ ಕಣ್ಣೀರಿಲ್ಲದೆ ಕೂತಿದ್ದರು. ಬಸವೇಶ್ವರಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಯಶೋಧರಾ ಹೊಸ್ತಿಲು ದಾಟಿ ಬಾಗಿಲ ಪಕ್ಕದಲ್ಲಿ ನಿಂತಳು. ಆಕೆಯನ್ನು ಯಾರೂ ತಡೆಯಲಿಲ್ಲ, ಇನ್ನೂ ಒಳಗೆ ಬಾ ಎಂದು ಕರೆಯಲೂ ಇಲ್ಲ. ಕಣ್ಣು ಮಂಜಾಗುತ್ತಿದ್ದರಿಂದ ಆಕೆ ಕೆಲಸದಲ್ಲಿ ಮುಖ ಹುದುಗಿಸಿದಳು. ಕ್ಯಾಮೆರಾದಲ್ಲಿ ಮೊದಲು ಕಂಡದ್ದೇ ಬಲಗೈ. ಮಡಿಲಲ್ಲಿ ಬಿದ್ದಿತ್ತು, ಖಾಲಿಯಾಗಿತ್ತು.

"ಕೈ ಖಾಲಿ ಅದ ರಿ" ಎಂದಳು. "ಅವರ ಫೋನ್ ಇಡ್ರಿ ಕೈಯಾಗ. ಫೋನ್ ಇಲ್ಲದ ಅವರನ್ನ ನಾ ನೋಡೇ ಇಲ್ಲ."

ಬಸವೇಶ್ವರಿ ಎದ್ದಳು. ತಲೆ ತಗ್ಗಿಸಿಕೊಂಡೇ ಫೋನು ತಂದು ಗಂಡನ ಬಲಗೈಯಲ್ಲಿ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. ಯಶೋಧರಾ ಫೋಟೊ ತೆಗೆದಳು. ಅಪ್ಪನಿದ್ದಿದ್ದರೆ ಶಹಬ್ಬಾಸ್ ಎನ್ನುತ್ತಿದ್ದ ಎಂದು ಆ ದುಃಖದಲ್ಲೂ ಒಂದು ಕ್ಷಣ ಅನಿಸಿತು.

ಹೆಣ ಎತ್ತುವಾಗ ಯಾರೋ ಫೋನು ತೆಗೆಯಲು ಕೈ ಹಾಕಿದರು. ಮಡಿವಾಳಯ್ಯ ತಡೆದರು. "ಹೇಣ್ತಿ ಕೈಯಾರೆ ಕೊಟ್ಟದ್ದು, ತಿರಗಿ ತೊಗೊಬ್ಯಾಡ್ರಿ. ಅಂವನ ಸಂಗಾಟ ಹೋಗಲಿ." ಹಾಗೆ ಎಡಗೈಯಲ್ಲಿ ಲಿಂಗ, ಬಲಗೈಯಲ್ಲಿ ಫೋನು ಹಿಡಿದು ಸಂತೋಷಕುಮಾರ ಸಮಾಧಿಗೆ ಇಳಿದ. ಯಶೋಧರಾ ಮೆರವಣಿಗೆ ಓಣಿ ದಾಟುವುದನ್ನು ನಿಂತು ನೋಡಿದಳು. ಆಗಲೂ ಹೊಳೆಯಲಿಲ್ಲ. ಕೈ ತುಂಬಿ ಕಾಣುತ್ತಿದೆ ಎಂದಷ್ಟೇ ಅಂದುಕೊಂಡಳು.

ಅಂಗಡಿಗೆ ಬಂದು ಫೋಟೊಗಳನ್ನು ಕಂಪ್ಯೂಟರಿಗೆ ಹಾಕಿದಳು. ಎಂದಿನಂತೆ ಅವು ತಾವೇ ಮೇಲೆ ಹೋದವು. ಮರುದಿನ ಭಂಕೂರಿನಲ್ಲಿ ಇನ್ನೊಂದು ಸಾವು, ಕ್ಯಾಮೆರಾದ ಕಾರ್ಡನ್ನು ಅಳಿಸಿ ಅಲ್ಲಿಗೆ ಹೋದಳು. ಸತ್ತವರ ಹೆಸರಿನಲ್ಲಿ ಮಾಡುವ ಗಣಾರಾಧನೆಯ ದಿನ ಹತ್ತಿರ ಬಂದಾಗ ಬಸವೇಶ್ವರಿ ದೊಡ್ಡ ಪ್ರಿಂಟ್ ಕೇಳಿದಳು. ಯಶೋಧರಾ ಕಂಪ್ಯೂಟರ್ ತೆರೆದಳು. ಅದು ನಂಬರ್ ಕೇಳಿತು.

ಆಕೆಯ ಕೈ ತಾನಾಗಿ ಸಂತೋಷಕುಮಾರನಿಗೆ ಫೋನ್ ಹಚ್ಚಿತು. ಸ್ವಿಚ್ ಆಫ್ ಎಂಬ ದನಿ ಕಿವಿಗೆ ಬಿದ್ದಾಗಲೇ ಆ ಫೋನು ಎಲ್ಲಿದೆ ಎಂದು ಹೊಳೆದದ್ದು. ಆಕೆ ಕುರ್ಚಿ ಬಿಟ್ಟು ನೆಲದ ಮೇಲೆ ಕೂತುಬಿಟ್ಟಳು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಲು ಓಡಾಡಿದ್ದೂ ಆಯಿತು. ಕಂಪನಿಗೆ ಫೋನ್ ಮಾಡಿದರೆ, ಖಾತೆ ಸಂತೋಷಕುಮಾರ ಎಂಬವರದು, ನೀವು ಯಾರು ಎಂದರು. ಅವರ ಮನೆಯವರೇ ಬಂದರೂ ಫೈಲುಗಳು ತೆರೆಯುವುದಿಲ್ಲ, ಕೀಲಿ ನಮ್ಮ ಹತ್ತಿರ ಇಲ್ಲ, ಅವರು ಕಟ್ಟಿದ ಹಣದ ಮುದ್ದತ್ತು ಮುಗಿದ ಮೇಲೆ ಎಲ್ಲ ಅಳಿಸಿಹೋಗುತ್ತದೆ ಎಂದರು. ಕಲಬುರಗಿಯ ಜಾಣನೊಬ್ಬನನ್ನು ಕೇಳಿದಳು. ಅದೇ ನಂಬರಿನ ಹೊಸ ಸಿಮ್ ತಂದರೂ ಉಪಯೋಗವಿಲ್ಲ, ಆ ಅಂಕಿಗಳು ಹುಟ್ಟುವುದು ಆ ಫೋನಿನೊಳಗೇ ಎಂದ. "ಆ ಸೆಟ್ ಒಂದು ತಂದು ಕೊಡ್ರಿ ಮೇಡಮ್, ಮಾಡಿ ಕೊಡ್ತೀನಿ" ಎಂದ. ಸೆಟ್ ಎಲ್ಲಿದೆ ಎಂದು ಆಕೆ ಅವನಿಗೆ ಹೇಳಲಿಲ್ಲ.

ಮುಕ್ರಮನಿಗೆ ಹೇಳಿದಳು. ಗಾಜು ಕೊಯ್ಯುತ್ತಿದ್ದವನು ಕೈ ನಿಲ್ಲಿಸಿದ. "ಮಣ್ಣಾಗ ಇಟ್ಟು ಭಾಳ ದಿನ ಆಗಿಲ್ಲ ಅಕ್ಕಾ. ಒಮ್ಮಿ ಏನಾರ ತೆಗದ್ರ" ಎಂದವನು ತನ್ನ ಮಾತಿಗೆ ತಾನೇ ಹೆದರಿ, "ತೋಬಾ ತೋಬಾ" ಎಂದು ಕೆನ್ನೆ ಮುಟ್ಟಿಕೊಂಡ. ಆದರೆ ಮಾತು ಹೊರಬಿದ್ದಾಗಿತ್ತು.

ಆಕೆ ಚಿತ್ತಾಪುರಕ್ಕೆ ಹೋದಳು. ಸಂತೋಷಕುಮಾರನನ್ನು ಆರಿಸಿದ್ದು ಯಾಕೆ, ಕೆಟ್ಟರೆ ಹೋಗಿ ಕೂರಬಹುದೆಂದು. ಕೂರಲು ಕಟ್ಟೆಯೇನೋ ಇತ್ತು. ಆಕೆ ಕೂತಳು. ಔಷಧಿ ಅಂಗಡಿಯವರು, ಬೀಜದ ಅಂಗಡಿಯವರು ಕೂಡ ಬಂದು ಹೋಗಿದ್ದರಂತೆ. ಎಲ್ಲರೂ ಕೂತು, ಹೀಗಾಗಬಾರದಿತ್ತು ಎಂದು ಹೇಳಿ, ಬಂದ ಕೆಲಸ ಬಾಯಿಬಿಡದೆ ಎದ್ದು ಹೋಗಿದ್ದರು. ಅವರಿಗೆ ಹೋದದ್ದು ಲೆಕ್ಕಪತ್ರ, ಇನ್ನೊಮ್ಮೆ ಬರೆದುಕೊಂಡಾರು. ಸತ್ತವರನ್ನು ಇನ್ನೊಮ್ಮೆ ಎಲ್ಲಿಂದ ತರುವುದು?

ಮಡಿವಾಳಯ್ಯ ಹೊರಗೆ ಬಂದರು. ಹಿಂದೆ ಬಾಗಿಲ ಸಂದಿಯಲ್ಲಿ ಬಸವೇಶ್ವರಿ ನಿಂತಿದ್ದಳು.

"ಫೋಟೊ ತಂದಿ ಏನವಾ?"

ಯಶೋಧರಾ ಎಲ್ಲ ಹೇಳಿದಳು. ಅಪ್ಪನ ಕಾಲದಿಂದ ಕೂಡಿಟ್ಟ ಮುಖಗಳು, ಅವುಗಳ ಜೊತೆಗೇ ಸೇರಿದ ಸಂತೋಷಕುಮಾರನ ಕೊನೆಯ ಫೋಟೊ, ಎಲ್ಲಕ್ಕೂ ಒಂದೇ ಕೀಲಿ, ಆ ಕೀಲಿ ಇರುವ ಜಾಗ. ಕೊನೆಗೆ ಕೈ ಮುಗಿದಳು. "ಅಪ್ಪಾರೆ, ಕೇಳಬಾರದ ಮಾತು ಕೇಳಾಕತ್ತೀನಿ. ನಿಮ್ಮವರೇ ತೆಗೀರಿ, ನಿಮ್ಮವರೇ ಮುಚ್ಚರಿ. ನಾ ಆ ಕಡಿ ಕಾಲು ಇಡಂಗಿಲ್ಲ."

ಮುದುಕರು ಕಟ್ಟೆಯ ಅಂಚಿನಲ್ಲಿ ಕೂತರು. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಆಕೆಗೆ ಸುಲಭವಾಗುತ್ತಿತ್ತು.

"ಕೈಯಾಗ ಫೋನ್ ಇಡ್ರಿ ಅಂದಾಕಿ ನೀನೇ ಅಲ್ಲೇನು?"

"ಹೌದ್ರಿ."

"ಅಂವಾ ನಿನ್ನ ಅಂಗಡಿದಾಗ ಚಾ ಕುಡಿತಿದ್ದ. ನನಗ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ನೀನು ಹೊಸ್ತಿಲ ದಾಟಿ ಬಂದಿ, ಅವತ್ತೂ ಸುಮ್ಮನಿದ್ದೆ. ಇದಕ್ಕ ಮಾತ್ರ ಸುಮ್ಮನಿರಾಕ ಆಗಂಗಿಲ್ಲ. ಸಮಾಧಿಯಾಗ ಕೂಡಿಸಿದ ಮಗನ್ನ ಮತ್ತ ಎಬ್ಬಸಂಗಿಲ್ಲ. ಹೋಗು ತಾಯಿ."

ಆಕೆ ಎದ್ದು ಬಂದಳು. ಆ ಮುದುಕರ ಮಾತಿನಲ್ಲಿ ಅರ್ಧ ನ್ಯಾಯವಿತ್ತು, ಉಳಿದರ್ಧ ಆಕೆ ಹುಟ್ಟಿದಾಗಿನಿಂದ ಕೇಳುತ್ತ ಬಂದದ್ದು. ಬಸ್ಸಿನಲ್ಲಿ ಆಕೆಯನ್ನು ಸುಟ್ಟದ್ದು ಮೊದಲಿನ ಅರ್ಧವೇ.

ಮುದ್ದತ್ತು ಮುಗಿಯಿತು. ಒಂದು ದಿನ ಕಂಪ್ಯೂಟರಿನಲ್ಲಿದ್ದ ಸಣ್ಣ ನೆರಳುಗಳೂ ಬೂದುಬಣ್ಣದ ಚೌಕಗಳಾದವು. ಸುಲೇಪೇಟದಿಂದ ಒಬ್ಬ ಮುದುಕ ಬಂದು ಹೆಂಡತಿಯ ಫೋಟೊ ಇನ್ನೊಂದು ಬೇಕು ಎಂದ. ಯಶೋಧರಾ ಮೊದಲ ಬಾರಿಗೆ ಇಲ್ಲ ಎಂದಳು. ಆತ ನಂಬದೆ, ಸರಿಯಾಗಿ ಹುಡುಕು ಎಂದು ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತಿದ್ದ. ಈಗ ಬಿಡುವಾದಾಗಲೆಲ್ಲ ಆಕೆ ಮನೆಮನೆಗೆ ಹೋಗಿ, ಗೋಡೆಯ ಮೇಲೆ ಊದುಬತ್ತಿಯ ಹೊಗೆ ಕುಡಿದ ಹಳೆಯ ಫೋಟೊಗಳ ಫೋಟೊ ತೆಗೆದುಕೊಂಡು ಬರುತ್ತಾಳೆ. ಸಿಕ್ಕಿದ್ದು ಸಿಗುತ್ತದೆ. ಗೋಡೆಗೇ ಬಾರದೆ ಹೋದ ಸಂತೋಷಕುಮಾರನ ಫೋಟೊ ಒಂದಿತ್ತಲ್ಲ, ಅದನ್ನು ಹುಡುಕಿ ಹೋಗಲು ಮನೆಯಿಲ್ಲ.

ಅದನ್ನು ಕೇಳುವವಳು ತಾನೇ ಬಂದಳು. ಒಂದು ಮಧ್ಯಾಹ್ನ ಬಸವೇಶ್ವರಿ ಒಬ್ಬಳೇ ಬಸ್ಸಿಳಿದು ಸ್ಟುಡಿಯೊಕ್ಕೆ ಬಂದಳು. ಯಶೋಧರಾ ಚಹಾ ಮಾಡಿದಳು. ಬಸವೇಶ್ವರಿ ಸ್ಟೀಲ್ ಲೋಟ ತೆಗೆದುಕೊಂಡು ಎರಡೂ ಕೈಯಲ್ಲಿ ಹಿಡಿದಳು.

"ಫೋಟೊ ಸಿಗಂಗಿಲ್ಲಂತ ಗೊತ್ತದ ರಿ. ಅದಕ್ಕ ಬಂದಿಲ್ಲ. ನೀವು ನೋಡೀರಲ್ಲ, ಅವರ ಮುಖ ಹ್ಯಾಂಗಿತ್ತು, ಅಷ್ಟ ಹೇಳ್ರಿ."

"ನೀವೂ ಅಲ್ಲೇ ಇದ್ರಿ ಅಲ್ಲ?"

"ನಾ ನೋಡ್ಲಿಲ್ಲರಿ. ತಲಿ ಎತ್ತಾಕ ಧೈರ್ಯ ಆಗ್ಲಿಲ್ಲ. ಹೆಂಗೂ ಫೋಟೊ ಬರ್ತದ, ಆಮ್ಯಾಲ ಸಮಾಧಾನಲೇ ನೋಡಿದ್ರಾತು ಅಂತ ಬಿಟ್ಟೆ."

ಯಶೋಧರಾ ಕಣ್ಣು ಮುಚ್ಚಿದಳು. ಪಡಸಾಲೆ ಕಂಡಿತು, ಶಾಲು ಕಂಡಿತು, ಹಾರ ಕಂಡಿತು. ಹಾರದ ಮೇಲೆ ಮುಖವಿರಬೇಕಾದ ಕಡೆ ಏನೂ ಇರಲಿಲ್ಲ. ಆಕೆಯೂ ನೋಡಿರಲಿಲ್ಲ. ಕ್ಯಾಮೆರಾ ನೋಡುತ್ತದೆ ಎಂದು ಆಕೆಯೂ ಬಿಟ್ಟಿದ್ದಳು. ಮಲಗಿದ ಹಾಗಿತ್ತು, ಶಾಂತವಾಗಿತ್ತು ಎಂದು ಎಲ್ಲರ ಮನೆಯಲ್ಲೂ ಹೇಳುವ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿದಳು.

"ನಾನೂ ನೋಡ್ಲಿಲ್ಲರಿ" ಎಂದಳು. "ನನಗ ಕೈ ಅಷ್ಟೇ ನೆನಪದ."

ರಸ್ತೆಯಲ್ಲಿ ಸಿಮೆಂಟಿನ ಲಾರಿಯೊಂದು ಹೋಯಿತು, ಗೋಡೆಯ ಮೇಲಿನ ಫೋಟೊಗಳು ಸ್ವಲ್ಪ ಅಲುಗಿದವು. ಬಸವೇಶ್ವರಿ ಅಳಲಿಲ್ಲ, ಬೈಯಲೂ ಇಲ್ಲ. ಚಹಾ ಮುಗಿಸಿ ಲೋಟ ಕೆಳಗಿಟ್ಟಳು.

"ಹಂಗಾದ್ರ ಕೈ ಹ್ಯಾಂಗಿತ್ತು, ಅದನ್ನಾರ ಹೇಳ್ರಿ."

ಯಶೋಧರಾ ಹೇಳಿದಳು. ಬೆರಳ ಸಂದಿಯಲ್ಲಿ ವಿಭೂತಿ ಉದುರಿತ್ತು ಎಂದಳು. ಹೆಬ್ಬೆರಳ ಉಗುರಿನಲ್ಲಿ ಕಪ್ಪು ಕಲೆಯೊಂದಿತ್ತು ಎಂದಳು. "ಬಾಗಲಾಗ ಸಿಕ್ಕಿತ್ತು" ಎಂದಳು ಬಸವೇಶ್ವರಿ. ಕಿರುಬೆರಳು ಪೂರ್ತಿ ಮಡಿಸಿರಲಿಲ್ಲ, ಯಾರದೋ ಫೋನ್ ಬಂದು ಪರದೆ ಒಮ್ಮೆ ಬೆಳಗಿದಾಗ ಆ ಬೆರಳಿನ ಮೇಲೆ ಬೆಳಕು ಬಿದ್ದಿತ್ತು ಎಂದಳು ಯಶೋಧರಾ. ನೆನಪಿದ್ದದ್ದೆಲ್ಲ ಮುಗಿಯಿತು.

ಬಸವೇಶ್ವರಿ ಕೂತಲ್ಲಿಂದ ಏಳಲಿಲ್ಲ.

"ಇನ್ನೊಮ್ಮಿ ಹೇಳ್ರಿ" ಎಂದಳು.